ಐದು ನಿಮಿಷದೊಳಗಿನ ಓಡಾಟ

ಅಳಿಸಿದ್ದೇನೂ ಅಲ್ಲವಲ್ಲ, ಬಿಟ್ಟದ್ದು ಅಷ್ಟೇ. ಕೈಪಿಡಿಯಲ್ಲಿ ಹಾಗೇ ಇದೆ, ಎಲ್ಲರೂ ಬಿಡುತ್ತಾರೆ, ಬಿಡದಿದ್ದರೆ ಕೆಲಸ ಮುಗಿಯುವುದೇ ಇಲ್ಲ ಎಂದು ಬಸ್ಸಿನ ಕಿಟಕಿಗೆ ತಲೆಯಾನಿಸಿ ಕೂತಿದ್ದ ಅವನು ತನಗೆ ತಾನೇ ಹೇಳಿಕೊಂಡ. ಹೇಳಿಕೊಂಡ ಮೇಲೂ ಸಮಾಧಾನವಾಗಲಿಲ್ಲ. ಬಿಡುವುದು ಎಂಬ ಮಾತಿನಲ್ಲಿ ಕೈಗೆ ಕೆಲಸವಿಲ್ಲ, ಆದರೆ ತಾನು ಕೈಯಿಂದಲೇ ಮಾಡಿದ್ದ; ಬೆರಳು ಆ ಗುಂಡಿ ಒತ್ತಿದ್ದು ಇನ್ನೂ ನೆನಪಿದೆ. ನಗರದ ಸಾರಿಗೆ ಯೋಜನೆಯ ಕಚೇರಿಯಲ್ಲಿ ಅವನದು ಅಂಕಿಅಂಶಗಳ ಮೇಜು. ಒಂದೂವರೆ ವರ್ಷದ ಹಿಂದೆ ನಲವತ್ತು ಜನ ಹುಡುಗ ಹುಡುಗಿಯರು ಮನೆಮನೆಗೆ ಹೋಗಿ, ನಿನ್ನೆ ಎಲ್ಲಿಗೆ ಹೋದಿರಿ, ಎಷ್ಟು ಹೊತ್ತಿಗೆ ಹೊರಟಿರಿ, ಎಷ್ಟು ಹೊತ್ತಿಗೆ ತಲುಪಿದಿರಿ, ಯಾಕೆ ಹೋದಿರಿ ಎಂದು ಕೇಳಿ ಬರೆದುಕೊಂಡು ಬಂದಿದ್ದರು. ಅದೆಲ್ಲ ಅವನ ಕಂಪ್ಯೂಟರಿಗೆ ಬಂದಾಗ ಲಕ್ಷ ದಾಟಿದ ಸಾಲುಗಳು. ಮಧ್ಯಾಹ್ನದ ಹೊತ್ತು, ಯಾರೋ ಚಹಾಕ್ಕೆ ಕರೆಯುತ್ತಿದ್ದರು. ಐದು ನಿಮಿಷಕ್ಕಿಂತ ಕಡಿಮೆಯ ಓಡಾಟಗಳನ್ನೆಲ್ಲ ಆರಿಸಿ ಒಂದೇ ಸಲಕ್ಕೆ ತೆಗೆದುಹಾಕಿದ. ಎದುರು ಮನೆಗೆ ಹೋಗಿ ಬಂದದ್ದು, ಬೀದಿ ತುದಿಯಲ್ಲಿ ಮಗುವನ್ನು ಕರೆಯಲು ನಿಂತದ್ದು, ಮರೆತ ಕೊಡೆಗೆ ವಾಪಸು ಬಂದದ್ದು, ಎಲ್ಲವೂ ಹೋಯಿತು. ಪರದೆ ಒಮ್ಮೆ ಮಿಟುಕಿ ಸಾಲುಗಳು ಕೂಡಿಕೊಂಡವು. ಒಂದು ಬಡಾವಣೆಯಲ್ಲಿ ನಡೆದಾಡುವವರ ಸಂಖ್ಯೆ ಮೂರನೇ ಒಂದು ಭಾಗಕ್ಕೆ ಇಳಿದದ್ದು ಕಣ್ಣಿಗೆ ಬಿದ್ದಿತ್ತು. ಇದೇನು ಇಷ್ಟು ಎಂದು ಒಂದು ಕ್ಷಣ ಅನ್ನಿಸಿತ್ತು. ಆಮೇಲೆ ಚಹಾಕ್ಕೆ ಎದ್ದು ಹೋಗಿದ್ದ. ವರದಿಯಲ್ಲಿ ಆ ಬಡಾವಣೆಯ ದೊಡ್ಡ ರಸ್ತೆಯ ಬಗ್ಗೆ, ‘ಅಡ್ಡ ದಾಟುವವರ ಸಂಖ್ಯೆ ನಗಣ್ಯ’ ಎಂದು ಬರೆದವನೂ ಅವನೇ. ಆ ಒಂದು ಸಾಲನ್ನು ನೋಡಿ ಬೇರೊಂದು ಮೇಜಿನವರು ರಸ್ತೆಯ ನಡುವೆ ಎದೆಯೆತ್ತರದ ಕಬ್ಬಿಣದ ಬೇಲಿ ಹಾಕಿಸಿದರು, ಒಂದು ಕಿಲೋಮೀಟರ್ ಉದ್ದಕ್ಕೂ, ಎಲ್ಲೂ ಸಂದಿಲ್ಲದ ಹಾಗೆ. ಆ ರಸ್ತೆಯ ಒಂದು ಬದಿಗೆ ಅಕ್ಕನ ಮನೆ. ಇನ್ನೊಂದು ಬದಿಗೆ ಅಕ್ಕನ ಹೊಲಿಗೆಯಂಗಡಿ.

ಬಸ್ಸು ನಿಂತಾಗ ಅವನು ಇಳಿದ. ಅಂಗಡಿಯ ಬದಿಯ ಸ್ಟಾಪು. ಎದುರಿಗೆ ಅಕ್ಕನ ಮನೆಯ ಹಸಿರು ಕಿಟಕಿ, ಕಿಟಕಿಯೊಳಗೆ ಮಂಚದ ಕಾಲು, ಮಂಚದ ಮೇಲೆ ಭಾವನ ಬಿಳಿ ಬನಿಯನ್ನಿನ ಒಂದು ತುಂಡು ಕೂಡ ಕಾಣುತ್ತಿತ್ತು. ಇಪ್ಪತ್ತೆರಡು ಹೆಜ್ಜೆ. ಎಷ್ಟೋ ಸಲ ತಾನೇ ದಾಟಿದ್ದ. ಇಬ್ಬರೂ ಒಟ್ಟಿಗೆ ದಾಟುವಾಗ ಅಕ್ಕ ಬೇಲಿ ಬರುವವರೆಗೂ ಅವನ ಮಣಿಕಟ್ಟು ಹಿಡಿಯುತ್ತಿದ್ದಳು, ಕೈ ಹಿಡಿದರೆ ಜಾರುತ್ತದೆ ಎಂದು. ನಲವತ್ತೆರಡು ವರ್ಷದ ಗಂಡಸನ್ನು ಹಾಗೆ ನಡೆಸಿಕೊಂಡು ಹೋಗುವಾಗ ನಾಚಿಕೆಯಾಗಿ ಅತ್ತಿತ್ತ ನೋಡುತ್ತಿದ್ದ. ಅಂದಮೇಲೆ ಕಾಲಿಗೆ ಗೊತ್ತಿದ್ದದ್ದನ್ನು ಕಣ್ಣಿಗೆ ಹೇಗೆ ಗೊತ್ತಿಲ್ಲದಂತೆ ಮಾಡಿದೆ? ಮೇಜಿನ ಮುಂದೆ ಕೂತವನು ಬೇರೆ, ದಾಟಿದವನು ಬೇರೆ ಎಂದುಕೊಳ್ಳಬಹುದು. ಅದೂ ಒಂದು ನೆಪ.

“ಏನ್ ಸಾರ್, ಅಕ್ಕನ ಮನೆಗಾ?” ಬೀಗದ ಕೈ ಮಾಡುವವನು ತನ್ನ ಪೆಟ್ಟಿಗೆಯ ಹಿಂದಿನಿಂದ ಕೂಗಿದ. “ಪಾಸ್‌ಪೋರ್ಟ್ ತಂದಿದೀರಿ ತಾನೆ? ಆ ಕಡೆ ಈಗ ಪರದೇಶ.”

ಅವನು ನಕ್ಕ. ನಗು ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚೇ ಬಂತು. ಬೀಗದವನ ಪಕ್ಕದ ಎರಡು ಅಂಗಡಿಗಳ ಬಾಗಿಲು ಎಳೆದಿತ್ತು. ಒಂದು ಗಡಿಯಾರ ರಿಪೇರಿಯದು, ಇನ್ನೊಂದು ನೋಟ್‌ಬುಕ್ಕು ಪೆನ್ಸಿಲು ಮಾರುವುದು. ಶಾಲೆ ಎದುರು ಬದಿಗಿದೆ. ಒಂದು ಪೆನ್ಸಿಲಿಗಾಗಿ ಯಾವ ಮಗು ಸಿಗ್ನಲ್ಲಿನ ತನಕ ನಡೆದು ಸುತ್ತಿಕೊಂಡು ಬಂದೀತು? ರಸ್ತೆ ಎಂದರೆ ಊರಿನ ಮೇಲೆ ಎಳೆಯುವ ಗೆರೆಯಲ್ಲ, ಊರನ್ನೇ ಎಳೆಯುವ ಗೆರೆ ಎಂದು ಅವನು ಹೊಸಬರಿಗೆ ಪಾಠ ಹೇಳುತ್ತಿದ್ದ. ಎಲ್ಲಿ ದಾಟಲು ಬಿಡುತ್ತೀರೋ ಅಲ್ಲಿ ಅಂಗಡಿ ಬೆಳೆಯುತ್ತದೆ, ಮಾತು ಬೆಳೆಯುತ್ತದೆ. ಎಲ್ಲಿ ತಡೆಯುತ್ತೀರೋ ಅಲ್ಲಿ ಗೋಡೆ ಬೆಳೆಯುತ್ತದೆ. ಒಳ್ಳೆಯ ಮಾತು. ಹುಡುಗರು ಬರೆದುಕೊಳ್ಳುತ್ತಿದ್ದರು.

“ಬಂದ್ಯಾ ಪುಟ್ಟ? ಇರು, ಈ ಜಿಪ್ಪು ಒಂದು ಮುಗಿಸ್ತೀನಿ, ಜೊತೆಗೇ ಹೋಗೋಣ,” ಎಂದಳು ಅಕ್ಕ, ಹಲ್ಲಿನಲ್ಲಿ ದಾರ ಕಡಿಯುತ್ತ. ಬೆಳಿಗ್ಗೆಯಿಂದ ಮನೆಗೆ ಹೋಗಿಲ್ಲವೆಂದಳು. ಮೊದಲು ಗಿರಾಕಿ ಇಲ್ಲದಾಗಲೆಲ್ಲ ಓಡಿ ಹೋಗಿ ಭಾವನನ್ನು ನೋಡಿಕೊಂಡು ಬರುತ್ತಿದ್ದಳು. ಒಂದು ಲೋಟ ನೀರು, ಒಂದು ಮಾತ್ರೆ, ಎಡಗಡೆಯ ದಿಂಬನ್ನು ಬಲಗಡೆಗೆ. ಭಾವನಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋದಾಗಿನಿಂದ ನಾಲ್ಕು ವರ್ಷ ಹೀಗೆಯೇ ನಡೆದಿತ್ತು. ಈಗ ಹೋಗಲು ಹನ್ನೆರಡು ನಿಮಿಷ, ಬರಲು ಹನ್ನೆರಡು ನಿಮಿಷ, ಹಾಗಾಗಿ ಮಧ್ಯಾಹ್ನ ಒಂದೇ ಸಲ. ಎರಡು ತಿಂಗಳ ಹಿಂದೆ ಬೆಳಿಗ್ಗೆ ಹತ್ತಕ್ಕೆ ಮಂಚದಿಂದ ಜಾರಿದ ಭಾವ ಅವಳು ಹೋಗುವವರೆಗೂ, ಮಧ್ಯಾಹ್ನ ಒಂದರವರೆಗೂ, ನೆಲದ ಮೇಲೇ ಬಿದ್ದಿದ್ದ. ಆ ಸುದ್ದಿ ಹೇಳಲು ಅಕ್ಕ ಕಚೇರಿಗೆ ಫೋನು ಮಾಡಿದಾಗ ಅವನು ರಿಸೀವರನ್ನು ಕಿವಿಗೆ ಒತ್ತಿಕೊಂಡು ಗೋಡೆಯ ಮೇಲಿನ ನಗರದ ನಕ್ಷೆಯನ್ನು ನೋಡುತ್ತ ನಿಂತಿದ್ದ. ನಕ್ಷೆಯಲ್ಲಿ ಆ ರಸ್ತೆ ಕೆಂಪು ದಾರದಷ್ಟು ದಪ್ಪ ಇತ್ತು.

ಇಬ್ಬರೂ ಸಿಗ್ನಲ್ಲಿನ ಕಡೆಗೆ ನಡೆದರು. ಅಕ್ಕನಿಗೆ ಐವತ್ತಾರು, ಎಡ ಮೊಣಕಾಲು ಮಡಿಸುವಾಗ ಸಣ್ಣಗೆ ಶಬ್ದವಾಗುತ್ತದೆ. ಅವಳು ಬೇಲಿಯ ಉದ್ದಕ್ಕೂ ರಸ್ತೆಯಂಚಿನಲ್ಲೇ ನಡೆಯುತ್ತ ಆಚೆಯ ತನ್ನ ಮನೆಯನ್ನು ಹಿಂದೆ ಬಿಟ್ಟು ಬರುವುದನ್ನು ನೋಡಿದರೆ, ಬಾಗಿಲಿಗೆ ಬಂದ ನಂಟರು ಒಳಗೆ ಬಾರದೆ ಹೊರಟುಹೋದ ಹಾಗೆ ಕಾಣುತ್ತಿತ್ತು. ಅವನು ಶಾಲೆಗೆ ಹಾಕಿಕೊಂಡು ಹೋಗುತ್ತಿದ್ದ ಚಡ್ಡಿಯ ಮಡಿಕೆಯನ್ನು ವರ್ಷವರ್ಷ ಬಿಚ್ಚಿ ಉದ್ದ ಮಾಡುತ್ತಿದ್ದವಳು ಇವಳೇ. ಹಳೆಯ ಮಡಿಕೆಯ ಗೆರೆ ಎಷ್ಟು ಇಸ್ತ್ರಿ ತಿಕ್ಕಿದರೂ ಹೋಗುತ್ತಿರಲಿಲ್ಲ; ಮೂರು ವರ್ಷದ ಮೂರು ಗೆರೆ. ಹುಡುಗರು ಬೆರಳಿಟ್ಟು ಎಣಿಸುತ್ತಿದ್ದರು. ಅವನು ಬಂದು ಇವಳ ಮೇಲೆ ರೇಗುತ್ತಿದ್ದ, ಇವಳು ‘ನೀನು ಬೆಳೆದದ್ದಕ್ಕೆ ನಾನೇನು ಮಾಡಲೋ’ ಎಂದು ನಗುತ್ತಿದ್ದಳು. ಅಮ್ಮ ಹೋದ ಮೇಲೆ ಇವಳು ಶಾಲೆ ಬಿಟ್ಟದ್ದು ಅವನಿಗೆ ಬಹಳ ವರ್ಷ ಹೊಳೆದಿರಲೇ ಇಲ್ಲ. ಅವಳಿಗೆ ಓದು ಹಿಡಿಸಲಿಲ್ಲ ಎಂದೇ ತಿಳಿದಿದ್ದ.

“ಇವತ್ತು ಬೇಲಿ ನೋಡೋಕೆ ನಿಮ್ಮ ದೊಡ್ಡವರು ಬರ್ತಾರಲ್ಲ, ಒಳ್ಳೆಯವರಾ?” ಎಂದಳು ಅಕ್ಕ.

“ಕೆಟ್ಟವರಲ್ಲ. ಅವರಿಗೆ ಕಾಗದ ಬೇಕು, ಅಷ್ಟೇ.”

“ಕಾಗದ ಇದೆಯಲ್ಲೋ! ಅವತ್ತು ಸರ್ವೆಗೆ ಬಂದ ಹುಡುಗಿ ಎಷ್ಟು ಚೆನ್ನಾಗಿ ಬರಕೊಂಡು ಹೋಗಿದಾಳೆ. ನಾನು ಒಂಬತ್ತು ಸಲ ಹೋಗಿ ಬಂದೆ ಅಂದ್ರೆ, ‘ಅಮ್ಮಾ, ಒಂದೊಂದಾಗಿ ಹೇಳಿ, ಟೈಮು ಹೇಳಿ’ ಅಂತಾಳೆ. ಟೈಮು ಯಾರು ನೋಡ್ತಾರೆ? ಕೊನೆಗೆ ನಿಮ್ಮ ಭಾವ ಮಲಗಿದಲ್ಲಿಂದಲೇ ಎಲ್ಲಾ ಟೈಮೂ ಹೇಳಿದ್ರು. ಬಸ್ ಓಡಿಸಿದವರಲ್ವಾ.”

ಅವನಿಗೆ ಗೊತ್ತಿತ್ತು. ಹದಿನೈದು ದಿನದ ಹಿಂದೆ, ಬೇಲಿಯಲ್ಲಿ ಸಂದು ಬೇಕೆಂದು ಜನ ಕೊಟ್ಟ ಅರ್ಜಿ ತನ್ನ ಮೇಜಿಗೆ ಬಂದಾಗ, ಅವನು ಯಾರಿಗೂ ಹೇಳದೆ ಕಚೇರಿಯ ಉಗ್ರಾಣಕ್ಕೆ ಹೋಗಿ ಹಳೆಯ ನಮೂನೆಗಳ ಕಟ್ಟು ಬಿಚ್ಚಿದ್ದ. ದೂಳು ಮೂಗಿಗೆ ಹತ್ತಿ ಸೀನುತ್ತ, ಸೀನಿದ ಶಬ್ದಕ್ಕೆ ತಾನೇ ಬೆಚ್ಚುತ್ತ ಹುಡುಕಿದ್ದ. ನಮೂನೆಯಲ್ಲಿ ಒಬ್ಬರಿಗೆ ಎಂಟೇ ಸಾಲು. ಹೋದದ್ದಕ್ಕೆ ಒಂದು ಸಾಲು, ಬಂದದ್ದಕ್ಕೆ ಒಂದು, ಹಾಗಾಗಿ ಅಕ್ಕನದು ಹದಿನೆಂಟು. ಎಂಟು ತುಂಬಿದ ಮೇಲೆ ಆ ಹುಡುಗಿ ತನ್ನ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು, ಸ್ಕೇಲಿನಲ್ಲಿ ಗೆರೆ ಹಾಕಿ, ಉಳಿದ ಹತ್ತನ್ನು ದುಂಡು ಅಕ್ಷರದಲ್ಲಿ ಬರೆದು ಗುಂಡುಪಿನ್ನು ಚುಚ್ಚಿದ್ದಳು. ‘ಉದ್ದೇಶ’ ಎಂಬ ಕಡೆ ಒಂಬತ್ತು ಸಲವೂ ಒಂದೇ ಮಾತು: ಗಂಡನನ್ನು ನೋಡಲು. ಬರೆಯದಿದ್ದರೂ ಯಾರೂ ಕೇಳುತ್ತಿರಲಿಲ್ಲ. ಎಂಟು ತುಂಬಿಸಿ ಎದ್ದು ಹೋಗಬಹುದಿತ್ತು. ಅವನ ಕಂಪ್ಯೂಟರಿನಲ್ಲಿ ಅದೇ ಮನೆಯ ಮುಂದೆ ‘ಓಡಾಟ: ಸೊನ್ನೆ’ ಎಂದಿತ್ತು. ಆ ದಿನ ಆ ಮನೆಯಿಂದ ಯಾರೂ ಹೊರಗೆ ಕಾಲಿಡಲಿಲ್ಲ ಎಂದು ಅರ್ಥ. ಆ ಹಾಳೆಯ ಒಂದು ಪ್ರತಿಯನ್ನು ಅವನು ಫೈಲಿನಲ್ಲಿಟ್ಟುಕೊಂಡಿದ್ದ. ಇವತ್ತು ತೋರಿಸಬೇಕೆಂದೇ ತಂದಿದ್ದ. ನಿನ್ನೆ ರಾತ್ರಿಯವರೆಗೂ ಅದರಲ್ಲಿ ಸಂಶಯವಿರಲಿಲ್ಲ.

“ಬನ್ನಿ ಬನ್ನಿ, ನಕ್ಷೆ ಸಾಹೇಬ್ರೇ,” ಎಂದು ಭಾವ ಮಂಚದಿಂದಲೇ ಎಡಗೈ ಎತ್ತಿ ಸೆಲ್ಯೂಟ್ ಹೊಡೆದ. ಮಾತು ಬಾಯಿಯ ಒಂದೇ ಬದಿಯಿಂದ ಬರುತ್ತಿತ್ತು, ಆದರೆ ಹಾಸ್ಯಕ್ಕೆ ಅಷ್ಟು ಜಾಗ ಸಾಕಾಗಿತ್ತು. “ಬೇಲಿ ಗಟ್ಟಿ ಇದೆಯಾ? ಇನ್ನೂ ಎರಡಡಿ ಏರಿಸೋ ಆಲೋಚನೆ ಉಂಟಾ?”

“ಸುಮ್ನಿರ್ರೀ, ಅವನೇನು ಹಾಕಿದ್ದಾ ಅದನ್ನ? ತೆಗೆಸೋಕೆ ಬಂದಿದಾನೆ ಪಾಪ,” ಎಂದು ಅಕ್ಕ ಗದರಿ ಅಡುಗೆಮನೆಗೆ ಹೋದಳು.

ಅವನು ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತ. ಕಿಟಕಿಯಿಂದ ಹೊಲಿಗೆಯಂಗಡಿ ನೇರ ಕಾಣುತ್ತಿತ್ತು. ಅಕ್ಕನ ಮೆಷಿನ್ನು, ಅದರ ಮೇಲೆ ಅರ್ಧ ಬಿಟ್ಟ ಬಟ್ಟೆ. ಇಡೀ ದಿನ ಭಾವ ಇಲ್ಲಿಂದ ಅವಳನ್ನು ನೋಡುತ್ತಾನೆ. ಬಿದ್ದ ದಿನ ನೆಲದಿಂದ ಅದೂ ಕಾಣುತ್ತಿರಲಿಲ್ಲ. ಆ ಮೂರು ಗಂಟೆಯ ಬಗ್ಗೆ ಕೇಳಿದರೆ ಭಾವ ಪ್ರತಿಸಲವೂ ನಗಿಸಿಯೇ ಹೇಳುತ್ತಿದ್ದ: ಮಂಚದ ಕೆಳಗೆ ಕಳೆದುಹೋಗಿದ್ದ ಎರಡು ಗುಂಡಿ, ಒಂದು ಬಾಚಣಿಗೆ, ಮದುವೆಗೆ ಬಂದ ಪೆನ್ನಿನ ಮುಚ್ಚಳ, ಎಲ್ಲ ಸಿಕ್ಕಿತು ಕಣೋ, ಬಿದ್ದದ್ದು ಲಾಭವೇ.

“ಒಂದು ಮಾತು ಕೇಳ್ತೀನಿ,” ಎಂದ ಭಾವ, ಈಗ ನಗದೆ. “ಇಪ್ಪತ್ತಾರು ವರ್ಷ ಇದೇ ರಸ್ತೆಯಲ್ಲಿ ಬಸ್ ಓಡಿಸಿದೆ. ಈ ಜಾಗಕ್ಕೆ ಬಂದರೆ ಕಾಲು ತಾನಾಗೇ ಬ್ರೇಕಿಗೆ ಹೋಗೋದು. ಇಲ್ಲಿ ಜನ ದಾಟ್ತಾರೆ ಅಂತ ನನ್ನ ಕಾಲಿಗೆ ಗೊತ್ತಿತ್ತು. ನಿಮ್ಮ ಕಾಗದಕ್ಕೆ ಯಾಕೆ ಗೊತ್ತಾಗಲಿಲ್ಲ?”

“ಕಾಗದಕ್ಕೆ ಗೊತ್ತಿತ್ತು ಭಾವ,” ಎಂದುಬಿಟ್ಟ ಅವನು. ಭಾವನ ಕಣ್ಣು ಅವನ ಮುಖದ ಮೇಲೆ ನಿಂತಿತು. ಕನ್ನಡಿಯಲ್ಲಿ ಹಿಂದಿನ ವಾಹನವನ್ನು ನೋಡಿಯೂ ನೋಡದಂತೆ ಇರುವ ಹಳೆಯ ಡ್ರೈವರಿನ ಕಣ್ಣು. ಇನ್ನೊಂದು ಮಾತು ಸಾಕಿತ್ತು. ಅಷ್ಟರಲ್ಲಿ ಅಕ್ಕ ತಟ್ಟೆ ತಂದಳು, “ಅವನನ್ನು ಉಣ್ಣೋಕಾದ್ರೂ ಬಿಡಿ,” ಎಂದಳು. ಭಾವ ಮುಖ ತಿರುಗಿಸಿ, “ಉಪ್ಪು ಕಮ್ಮಿ ಹಾಕಿದಾಳೆ ನೋಡು, ಡಾಕ್ಟ್ರು ಹೇಳಿದ್ದು ನನಗೆ, ಶಿಕ್ಷೆ ಮನೆಗೆಲ್ಲ,” ಎಂದ. ಅವನು ಉಂಡ. ಬಿಸಿಯಾಗಿತ್ತು, ರುಚಿಯಾಗಿಯೂ ಇತ್ತು, ಅದೇ ಹೆಚ್ಚು ಕಷ್ಟವಾಯಿತು.

ಮೂರು ಗಂಟೆಗೆ ದೊಡ್ಡವರು ಬಂದರು. ಮುಖ್ಯ ಎಂಜಿನಿಯರರನ್ನು ಕಚೇರಿಯಲ್ಲಿ ಎಲ್ಲರೂ ಕರೆಯುವುದೇ ಹಾಗೆ. ಬಿಸಿಲಿಗೆ ಟೋಪಿ, ಕೈಯಲ್ಲಿ ಅರ್ಜಿಯ ಪ್ರತಿ. ಮನೆಗಳ ಬದಿಯಲ್ಲಿ, ಬೇಲಿಗೆ ಎದುರಾಗಿ, ಇಪ್ಪತ್ತು ಇಪ್ಪತ್ತೈದು ಜನ ಸೇರಿದ್ದರು. ಬೀಗದವನು ಅಂಗಡಿಯ ಬದಿಯಲ್ಲೇ ಉಳಿದು ಬೇಲಿಯ ಮೇಲೆ ಮೊಣಕೈ ಊರಿ, ಜೈಲಿನಲ್ಲಿ ಭೇಟಿಗೆ ಬಂದವನ ಹಾಗೆ ನಿಂತಿದ್ದ. ವಾಹನಗಳ ಸದ್ದಿಗೆ ಎಲ್ಲರೂ ಕೂಗಿಯೇ ಮಾತಾಡಬೇಕಿತ್ತು.

“ನಾನು ನಿಮ್ಮ ವಿರೋಧಿ ಅಲ್ಲ,” ಎಂದರು ದೊಡ್ಡವರು. “ಆದರೆ ನೋಡಿ, ಲೆಕ್ಕದ ಪ್ರಕಾರ ಇಲ್ಲಿ ದಾಟೋರೇ ಇಲ್ಲ. ಇಲ್ಲದವರಿಗೆ ಬಾಗಿಲು ಹೇಗೆ ಇಡಲಿ?”

“ಇಲ್ಲ ಅಂದ್ರೆ ಹೇಗೆ ಸಾರ್, ನಾನು ನಿಮ್ಮ ಮುಂದೆ ನಿಂತಿದೀನಲ್ಲ,” ಎಂದಳು ಅಕ್ಕ. ಜನ ನಕ್ಕರು. ಅವಳು ನಗಲಿಲ್ಲ. “ದಿನಕ್ಕೆ ಒಂಬತ್ತು ಸಲ ಹೋಗಿ ಬರ್ತಿದ್ದೆ. ನಿಮ್ಮ ಕಡೆ ಹುಡುಗಿನೇ ಬಂದು ಕೂತು ಬರಕೊಂಡಳು. ಜಾಗ ಸಾಲದೆ ಇನ್ನೊಂದು ಹಾಳೆ ಸೇರಿಸಿದಳು. ನನ್ನ ಎದುರಿಗೇ.”

ದೊಡ್ಡವರು ಅವನ ಕಡೆ ತಿರುಗಿದರು. ಅವಳು ಅವನ ಅಕ್ಕನೆಂದು ಅವರಿಗೆ ಗೊತ್ತಿರಲಿಲ್ಲ. ಅವನು ಹೇಳಿರಲಿಲ್ಲ, ಅಕ್ಕನೂ ಅವನ ಕೆಲಸಕ್ಕೆ ತೊಂದರೆಯಾದೀತೆಂದು ಗುರುತಿಲ್ಲದವಳ ಹಾಗೆ ನಿಂತಿದ್ದಳು. “ಏನ್ರೀ ಇದು? ಇವರ ಮನೆ ನಮ್ಮ ಪಟ್ಟಿಯಲ್ಲಿದೆಯಾ?”

“ಮನೆ ಇದೆ ಸಾರ್. ಓಡಾಟ ಇಲ್ಲ.”

“ಯಾಕಿಲ್ಲ?”

ಒಂದು ಲಾರಿ ಹೋಯಿತು. ಅದರ ಹಿಂದೆ ಎರಡು ಬಸ್ಸು. ಅಷ್ಟು ಹೊತ್ತು ಯಾರೂ ಮಾತಾಡುವಂತಿರಲಿಲ್ಲ, ಆ ಅಷ್ಟು ಹೊತ್ತಿನಲ್ಲಿ ಅವನು ಬಹಳ ಯೋಚಿಸಿದ. ಬೆರಳು ಫೈಲಿನೊಳಗೆ ಆ ಹುಡುಗಿಯ ಹಾಳೆಯ ಪ್ರತಿಯ ಅಂಚನ್ನು ಮುಟ್ಟುತ್ತಿತ್ತು. ತಪ್ಪು ನಮ್ಮ ಮೇಜಿನದು ಎಂದರೆ ದೊಡ್ಡವರು ಇಲ್ಲಿ ಏನೂ ತೀರ್ಮಾನಿಸುವಂತಿಲ್ಲ. ಇಡೀ ವರದಿಯೇ ಮರುಪರಿಶೀಲನೆಗೆ ಹೋಗಬೇಕು, ಸಮಿತಿ ಆಗಬೇಕು, ವರ್ಷ ಹಿಡಿಯುತ್ತದೆ, ಬೇಲಿ ವರ್ಷವೂ ನಿಂತಿರುತ್ತದೆ. ಇದು ಸುಳ್ಳಲ್ಲ. ನಿಜಕ್ಕೂ ಹಾಗೇ ಆಗುತ್ತಿತ್ತು. ಆದರೆ ಇದು ನಿಜವಾಗಿರದಿದ್ದರೂ ತಾನು ಇದನ್ನೇ ಯೋಚಿಸುತ್ತಿದ್ದೆ ಎಂಬುದೂ, ಲಾರಿ ದಾಟುವ ಮೊದಲೇ, ಅವನಿಗೆ ಗೊತ್ತಾಗಿ ಹೋಗಿತ್ತು.

“ಸಮೀಕ್ಷೆಯ ಹಂತದಲ್ಲೇ ಬಿಟ್ಟುಹೋಗಿರಬೇಕು ಸಾರ್,” ಎಂದ.

“ಅಂದರೆ ಆ ಹುಡುಗಿ ಹಾರಿಸಿದಾಳೆ! ಇವರ ಹಣೆಬರಹವೇ ಇಷ್ಟು ಕಣ್ರೀ, ಮರದ ಕೆಳಗೆ ಕೂತು ಮನಸ್ಸಿಗೆ ಬಂದದ್ದು ತುಂಬಿಸಿ ಕೊಡೋದು. ಇನ್ನು ಮುಂದೆ ಆ ತಂಡದವರನ್ನು ಕರೀಬೇಡಿ.” ದೊಡ್ಡವರ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಒಂದು ಬಗೆಯ ಹಗುರವಿತ್ತು. ತಪ್ಪು ಹೊರಗಿನವರದು ಎಂದಾದ ಕೂಡಲೇ ಅವರ ಭುಜ ಇಳಿಯಿತು, ಟೋಪಿ ಹಿಂದಕ್ಕೆ ಸರಿಯಿತು. “ಸರಿ, ಏನು ಮಾಡೋಣ ಹೇಳಿ. ಏನಾದರೂ ಚಿತ್ರ ಮಾಡಿದೀರಾ?”

ಅವನು ಫೈಲು ಬಿಚ್ಚಿ ಚಿತ್ರವನ್ನು ತೆಗೆದ. ಪ್ರತಿ ಒಳಗೇ ಉಳಿಯಿತು. ಚಿತ್ರ ಒಳ್ಳೆಯದಾಗಿತ್ತು, ಹದಿನೈದು ದಿನ ಅವನು ಅದನ್ನಲ್ಲದೆ ಬೇರೇನೂ ಮಾಡಿರಲಿಲ್ಲ. ಬೇಲಿಯಲ್ಲಿ ಬರೀ ಸಂದಲ್ಲ: ಆ ಜಾಗದಲ್ಲಿ ರಸ್ತೆಯನ್ನೇ ಕಾಲುದಾರಿಯ ಮಟ್ಟಕ್ಕೆ ಎತ್ತುವುದು, ವಾಹನ ತಾನಾಗಿ ನಿಧಾನವಾಗಬೇಕು, ನಡುವೆ ನಿಂತು ಉಸಿರು ತೆಗೆದುಕೊಳ್ಳಲು ಒಂದು ಕಟ್ಟೆ, ಗಾಲಿಕುರ್ಚಿ ತಿರುಗುವಷ್ಟು ಅಗಲ, ಎರಡೂ ಬದಿಯ ಬಸ್ ಸ್ಟಾಪುಗಳನ್ನು ಅದರ ಹತ್ತಿರಕ್ಕೆ ಎಳೆಯುವುದು, ಅಂಗಡಿಗಳ ಮುಂದೆ ನೆರಳು, ಕೂರಲು ಜಾಗ. ವಿವರಿಸುತ್ತ ಹೋದಂತೆ ಅವನ ದನಿಗೆ ತನ್ನಷ್ಟಕ್ಕೆ ಬಲ ಬಂತು. ಜನ ಹತ್ತಿರ ಸರಿದು ಬಗ್ಗಿ ನೋಡಿದರು. ಒಬ್ಬ ಮುದುಕ ತನ್ನ ಮನೆ ಎಲ್ಲಿದೆ ಎಂದು ಚಿತ್ರದ ಮೇಲೆ ಬೆರಳಿಟ್ಟು ಹುಡುಕಿದ. ಅಕ್ಕ ದೂರದಲ್ಲೇ ನಿಂತು, ಚಿತ್ರವನ್ನಲ್ಲ, ಅವನನ್ನು ನೋಡುತ್ತಿದ್ದಳು.

“ಮಾಡಿಬಿಡಿ,” ಎಂದರು ದೊಡ್ಡವರು. “ಮುಂದಿನ ವಾರ ಮೊದಲು ಬೇಲಿ ಬಿಚ್ಚಲಿ. ಉಳಿದದ್ದು ಆಮೇಲೆ.” ಬೇಲಿಯ ಆಚೆಯಿಂದ ಬೀಗದವನು, “ಸಾರ್, ಬಿಚ್ಚೋಕೆ ಬೀಗದ ಕೈ ಬೇಕಾದ್ರೆ ಹೇಳಿ, ಪುಕ್ಕಟೆ!” ಎಂದು ಕೂಗಿದ. ದೊಡ್ಡವರೂ ನಕ್ಕರು. ಯಾರೋ ಅವನ ಬೆನ್ನು ತಟ್ಟಿದರು. ಅವನಿಗೆ ಸಂತೋಷವಾಯಿತು, ಆದದ್ದು ಸಂತೋಷವೇ, ಬೇರೆ ಹೆಸರಿನದಲ್ಲ. ಅದು ಅವನನ್ನು ಗಾಬರಿಗೊಳಿಸಿತು.

ವಾಪಸು ಅಕ್ಕನ ಜೊತೆ ಸುತ್ತಿಕೊಂಡು ಅಂಗಡಿಗೆ ಬಂದ. ದಾರಿಯುದ್ದಕ್ಕೂ ಅವಳು ಮೊಣಕಾಲನ್ನೂ ಲೆಕ್ಕಿಸದೆ ಬೇಗಬೇಗ ನಡೆದಳು. ಗೆದ್ದ ಸಂತೋಷಕ್ಕೆ ಹೀಗಿರಬೇಕೆಂದು ಅವನು ಅಂದುಕೊಂಡ. ಮೆಷಿನ್ನಿನ ಮುಂದೆ ಕೂತು ದಾರ ಪೋಣಿಸಲು ಎರಡು ಸಲ ತಪ್ಪಿದ ಮೇಲೆ ಅವಳು ಸೂಜಿಯನ್ನು ಬಿಟ್ಟಳು.

“ನೀನು ಮಾಡಿದ್ದು ದೊಡ್ಡ ಕೆಲಸ ಪುಟ್ಟ. ಇವರಿಗೆ ಹೇಳಿದ್ರೆ ಎದ್ದು ಕುಣೀತಾರೆ, ಕುಣಿಯೋಕಾದ್ರೆ,” ಎಂದಳು. ಆಮೇಲೆ, “ಆದರೆ ಆ ಹುಡುಗಿ ಹೀಗೆ ಮಾಡಿದಳಲ್ಲೋ,” ಎಂದಳು. “ಅಷ್ಟು ಹೊತ್ತು ಕೂತು, ನೀರು ಕುಡಿದು, ‘ನಿಮಗೆ ಕಾಲು ನೋಯಲ್ವಾ ಅಮ್ಮಾ’ ಅಂತೆಲ್ಲ ಕೇಳಿ, ಬರೆದ ಹಾಗೆ ಮಾಡಿದ್ದಾ ಅದೆಲ್ಲ? ನನ್ನನ್ನು ಯಾರೂ ಅಷ್ಟು ಕೇಳಿರಲಿಲ್ಲ. ಅವಳು ಹೋದ ಮೇಲೆ ನಾನು ಇವರ ಹತ್ರ ಹೇಳಿದ್ದೆ, ನೋಡಿ, ನಾನು ಓಡಾಡಿದ್ದೂ ಒಂದು ಕಡೆ ಬರೆದಾಯ್ತು ಅಂತ.”

“ಹೋಗಲಿ ಬಿಡಕ್ಕ.”

“ಅದು ಹೇಗೆ ಬಿಡ್ತೀಯ? ಇವರು ಮೂರು ಗಂಟೆ ನೆಲದ ಮೇಲೆ ಬಿದ್ದಿದ್ದರು.” ಅವಳು ಗೋಡೆಯ ಮೊಳೆಗೆ ತೂಗುಹಾಕಿದ್ದ ನೀಲಿ ಅಂಗಿಯೊಂದನ್ನು ತೋರಿಸಿದಳು. “ಅವಳದ್ದೇ ಅದು. ಅವತ್ತಿನಿಂದ ನನ್ನ ಹತ್ರನೇ ಕೊಡ್ತಾಳೆ, ಅಷ್ಟು ದೂರದಿಂದ ಬಂದು. ಇನ್ನೇನು ಬರೋ ಹೊತ್ತು. ಬರಲಿ, ಕೇಳೇಬಿಡ್ತೀನಿ ಮುಖದ ಮೇಲೆ.”

ಅವನು ಅಂಗಿಯನ್ನು ನೋಡಿದ. ತೋಳು ಬಿಚ್ಚಿ ಉದ್ದ ಮಾಡಿತ್ತು. ರಸ್ತೆಯಲ್ಲಿ ಬಸ್ಸು ಬರುತ್ತಿರುವುದು ಕಾಣಿಸಿತು, ಊರು ಸುತ್ತಿ ಕಚೇರಿಗೇ ಮರಳುವ ಅವನದೇ ನಂಬರು. “ನಾನು ಹೊರಡ್ತೀನಿ ಅಕ್ಕ, ದೊಡ್ಡವರು ಇವತ್ತೇ ಕಾಗದ ಕಳಿಸಬೇಕು ಅಂದಿದಾರೆ,” ಎಂದ. ದೊಡ್ಡವರು ಹಾಗೆ ಅಂದಿರಲಿಲ್ಲ. ಅಕ್ಕ ಎದ್ದು ಅವನ ಕಾಲರನ್ನು ಸರಿಮಾಡಿ, “ಹೂಂ, ಹೋಗು, ನಿನ್ನ ಕೆಲಸ ಕೆಡಬಾರದು,” ಎಂದಳು. ಅವನು ಬಸ್ಸು ಹತ್ತಿದ. ಆ ಹುಡುಗಿ ಹದಿನೆಂಟನ್ನೂ ಬರೆದಿದ್ದಳು, ತೆಗೆದುಹಾಕಿದವನು ನಾನು ಎಂದು ಅವನು ಅಕ್ಕನಿಗೆ ಆ ದಿನ ಹೇಳಲಿಲ್ಲ, ಆಮೇಲೆಯೂ ಹೇಳಲಿಲ್ಲ.